ಹಿಂದಿನಿಂದ ಕರೆಯದ ಮನೆ

ನಮ್ಮ ಮನೆಯಲ್ಲಿ ಹೊರಟವರನ್ನು ಹಿಂದಿನಿಂದ ಕರೆಯುವಂತಿರಲಿಲ್ಲ. ಕಡಲಿಗೆ ಹೊರಟವರನ್ನಂತೂ ಸುತರಾಂ ಇಲ್ಲ. ಅಪ್ಪಯ್ಯ ಬೆಳಗಿನ ಜಾವ ಬಲೆ ಹೆಗಲಿಗೇರಿಸಿ ಅಂಗಳ ದಾಟಿದನೆಂದರೆ ಮುಗಿಯಿತು, ಏನೇ ಆಗಲಿ ಅವನ ಬೆನ್ನಿಗೆ ‘ಹ್ವಾಯ್’ ಎನ್ನಬಾರದು. ಕರೆದರೆ ಹೋದ ಕೆಲಸ ಕೆಡುತ್ತದೆ, ಬಲೆ ಬರಿದಾಗಿ ಬರುತ್ತದೆ, ಇನ್ನೂ ಏನೇನೋ ಆಗುತ್ತದೆ. ಆ ‘ಏನೇನೋ’ವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕಿರಿಮಂಜೇಶ್ವರದ ಕಡಲ ಬದಿಯ ನಮ್ಮ ಕೇರಿಯಲ್ಲಿ ಎಲ್ಲ ಮನೆಗಳಿಗೂ ಇದೇ ರಿವಾಜು.

ತೊಂದರೆಯೆಂದರೆ ಅಪ್ಪಯ್ಯನಿಗೆ ವಿಪರೀತ ಮರೆವು. ಇವತ್ತು ಎಲೆಯಡಿಕೆ ಚೀಲ ಬಿಟ್ಟರೆ ನಾಳೆ ಗಂಜಿ ಡಬ್ಬಿ ಬಿಡುತ್ತಿದ್ದ. ಅಮ್ಮನನ್ನು ನಾವು ಅಬ್ಬಿ ಎನ್ನುತ್ತೇವೆ. ಅಬ್ಬಿ ಆ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು, ಅವನ ಬೆನ್ನು ನೋಡುತ್ತ, ಬಾಯಿಗೆ ಬೀಗ ಹಾಕಿಕೊಂಡು ಜಗಲಿಯ ಮೇಲೆ ಒದ್ದಾಡುತ್ತಿದ್ದಳು. ಅವನು ತೆಂಗಿನ ಮರಗಳ ಆಚೆ ಹೋದ ಮೇಲೆ ಬೀಗ ಬಿಚ್ಚಿಕೊಳ್ಳುತ್ತಿತ್ತು. ಮಗಳನ್ನು ‘ಹೆಣೆ’ ಎನ್ನುವುದು ನಮ್ಮ ಕಡೆಯ ವಾಡಿಕೆ. “ಹೆಣೆ, ಎಂತ ಕಾಂತಾ ನಿಂತಿದ್ದೆ? ಓಡ್!”

ಓಡಬೇಕಾದದ್ದು ಅವನ ಹಿಂದೆ ಅಲ್ಲ. ಗಾಳಿ ಮರದ ತೋಪಿನ ಒಳಗಿಂದ ದೊಡ್ಡ ಸುತ್ತು ಹಾಕಿ, ಅವನಿಗೆ ಕಾಣಿಸದಂತೆ ಅವನಿಗಿಂತ ಮೊದಲು ಕಡಲ ಬದಿ ಮುಟ್ಟಬೇಕು. ಅಲ್ಲಿಂದ ಏನೂ ಆಗದವಳ ಹಾಗೆ ಅವನಿಗೆ ಎದುರಾಗಿ ನಡೆದು ಬರಬೇಕು. ಎದುರಿಂದ ಬಂದವರಿಗೆ ದೋಷವಿಲ್ಲ. ತುಂಬಿದ ಪಾತ್ರೆ ಹಿಡಿದ ಹುಡುಗಿ ಎದುರಾದರೆ ಒಳ್ಳೆಯದೇ ಆಗುತ್ತದೆ ಎಂದು ಬೇರೆ ಹೇಳುತ್ತಿದ್ದರು. ನಾನು ಏದುಸಿರು ಅಡಗಿಸಿಕೊಂಡು ಎದುರಿಗೆ ಬಂದು ನಿಂತರೆ ಅಪ್ಪಯ್ಯ ಪ್ರತಿ ಸಲವೂ ಹೊಸದಾಗಿ ಆಶ್ಚರ್ಯಪಡುತ್ತಿದ್ದ.

“ಎಂತ, ಇಲ್ಲೇ ಇದ್ದಿದ್ಯಾ?”

“ಹೌದ್, ಇಲ್ಲೇ ಇದ್ದಿದ್ದೆ,” ಎನ್ನುತ್ತಿದ್ದೆ. ಡಬ್ಬಿ ಕೈ ಬದಲಾಗುತ್ತಿತ್ತು. ಇಬ್ಬರೂ ನಗುತ್ತಿರಲಿಲ್ಲ, ನಕ್ಕರೆ ಆಟ ಕೆಡುತ್ತಿತ್ತು. ಅವನು ಬೇಕೆಂದೇ ಮರೆಯುತ್ತಾನೆಂದು ಅಬ್ಬಿಗೆ ಯಾವಾಗಲೂ ಗುಮಾನಿ ಇತ್ತು. ನನಗೂ ಇತ್ತು, ಆದರೆ ಕೇಳಲಿಲ್ಲ.

ಹೈಸ್ಕೂಲಿಗೆ ಬಂದಾಗ ಪಿ.ಟಿ. ಮಾಸ್ಟ್ರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಓಡಿಸಿದರು. ನಾನು ಎರಡನೇ ಸುತ್ತು ಮುಗಿಸಿ ನಿಂತಾಗ ಉಳಿದವರು ಇನ್ನೂ ಆಚೆ ತಿರುವಿನಲ್ಲಿದ್ದರು. ಯಾರ ಹತ್ತಿರ ಕಲಿತೆ ಎಂದು ಮಾಸ್ಟ್ರು ಕೇಳಿದರು. ಗಂಜಿ ಡಬ್ಬಿಯ ಕತೆ ಹೇಳಲು ನಾಚಿಕೆಯಾಗಿ, ಯಾರ ಹತ್ತಿರವೂ ಇಲ್ಲ ಎಂದೆ. ನೂರು ಮೀಟರು ನಿನ್ನದಲ್ಲ, ಎಂಟುನೂರು ನಿನ್ನದು ಎಂದು ಅವರೇ ತೀರ್ಮಾನಿಸಿದರು. ನಮ್ಮ ಕಡಲ ಬದಿಯ ತುಂಬ ದೋಣಿ, ಬಲೆ. ಅದಕ್ಕೇ ಭಾನುವಾರ ಬೆಳಿಗ್ಗೆ ನಾನು ಬಸ್ಸು ಹತ್ತಿ ತ್ರಾಸಿಗೆ ಹೋಗಿ, ನೀರು ಇಳಿದ ಹೊತ್ತಿನಲ್ಲಿ ಗಟ್ಟಿ ಮರಳಿನ ಮೇಲೆ ಓಡತೊಡಗಿದೆ. ಅಲ್ಲಿ ಕಾರು ನಿಲ್ಲಿಸಿ ಕಡಲು ನೋಡುವವರು ನನ್ನನ್ನೂ ಒಂದಷ್ಟು ಹೊತ್ತು ನೋಡುತ್ತಿದ್ದರು. ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆಯೇ ಎಂದು ಒಬ್ಬ ಹೆಂಗಸು ಗಾಬರಿಯಿಂದ ಕೇಳಿದ್ದೂ ಉಂಟು.

ತಾಲೂಕು ಮಟ್ಟದ ಕೂಟ ಕುಂದಾಪುರದ ಮೈದಾನದಲ್ಲಿ. ಅಪ್ಪಯ್ಯ ಅವತ್ತು ಕಡಲಿಗೆ ಹೋಗಲಿಲ್ಲ. ಮದುವೆ ಮನೆಗೆ ಹಾಕುವ ಬಿಳಿ ಅಂಗಿ ಹಾಕಿಕೊಂಡು, ಹೆಗಲ ಮೇಲೆ ಬೈರಾಸು ಹೊದ್ದು, ನಮ್ಮ ಶಾಲೆಯ ಮಕ್ಕಳ ಜೊತೆಗೇ ಬಸ್ಸಿನಲ್ಲಿ ನಿಂತುಕೊಂಡು ಬಂದ. ಬೈರಾಸೆಂದರೆ ನಮ್ಮ ಕಡೆಯ ಗಂಡಸರ ಹೆಗಲಿನಿಂದ ಇಳಿಯದ ಟವೆಲು. ಮೈದಾನದಲ್ಲಿ ಹುಲ್ಲಿನ ಮೇಲೆ ಸುಣ್ಣದ ಗೆರೆ ಎಳೆದಿದ್ದರು. ನಾಲ್ಕು ಸುತ್ತು ಓಡಿದರೆ ಎಂಟುನೂರು ಮೀಟರು. ಕೊನೆಯ ತಿರುವಿನ ಹತ್ತಿರ, ಕಟ್ಟಿದ ಹಗ್ಗದ ಆಚೆ ಅವನು ಜಾಗ ಹಿಡಿದ.

ನಾನು ಮೂರು ಸುತ್ತು ಮುಂದೇ ಇದ್ದೆ. ಅಲ್ಲಿಯವರೆಗೆ ನಾನು ಓಡಿದ್ದೆಲ್ಲ ಒಬ್ಬಳೇ. ಡಬ್ಬಿ ಹಿಡಿದು ಓಡುವಾಗ ಹಿಂದೆ ಯಾರೂ ಇರುತ್ತಿರಲಿಲ್ಲ. ಕೊನೆಯ ಸುತ್ತಿನಲ್ಲಿ ಮೊದಲ ಬಾರಿ ನನ್ನ ಬೆನ್ನ ಹಿಂದೆ ಇನ್ನೊಬ್ಬಳ ಹೆಜ್ಜೆ ಕೇಳಿಸಿತು. ಬ್ರಹ್ಮಾವರ ಕಡೆಯಿಂದ ಬಂದು ನಮ್ಮ ತಾಲೂಕಿನ ಶಾಲೆಗೆ ಸೇರಿದ್ದ ಉದ್ದನೆಯ ಹುಡುಗಿ. ಅವಳ ಉಸಿರು ಕೂಡ ಕೇಳಿಸುತ್ತಿತ್ತು. ನನಗೆ ಭಯವಾಯಿತು. ಅದನ್ನು ಬೇರೆ ಹೆಸರಿನಿಂದ ಕರೆಯಲಾರೆ. ಭಯವಾಗಿ, ಕೊನೆಯ ತಿರುವು ದಾಟುತ್ತಲೇ ನಾನು ಕುತ್ತಿಗೆ ತಿರುಗಿಸಿ ಹಿಂದೆ ನೋಡಿದೆ. ನಾನು ನೋಡಿದ್ದನ್ನು ಕಂಡು ಅಪ್ಪಯ್ಯ ಹಗ್ಗದ ಆಚೆಯಿಂದ ಕೂಗಿದ.

“ಹ್ವಾಯ್! ಹೆಣೆ! ಓಡ್!”

ಅಷ್ಟರಲ್ಲಿ ಕಾಲು ತಪ್ಪಿತ್ತು. ಉದ್ದನೆಯ ಹುಡುಗಿ ಒಂದು ಹೆಜ್ಜೆಯಲ್ಲಿ ಗೆದ್ದಳು. ತಿರುಗಿದ್ದು ಮೊದಲು, ಕೂಗಿದ್ದು ಆಮೇಲೆ. ಇದು ನನಗೆ ಅವತ್ತೂ ಗೊತ್ತಿತ್ತು, ಇವತ್ತೂ ಗೊತ್ತಿದೆ.

ಮನೆಗೆ ಬಂದು ಸಂಗತಿ ತಿಳಿದದ್ದೇ ತಡ ಅಬ್ಬಿ ಅಪ್ಪಯ್ಯನ ಮೇಲೆ ಹರಿಹಾಯ್ದಳು. “ಓಡ್ತಾ ಇಪ್ಪವಳನ್ನ ಹಿಂದಿಂದ ಕರೂದಾ? ನಿಮ್ಗ್ ಬುದ್ಧಿ ಬ್ಯಾಡ್ದಾ? ನಿಮ್ಮನ್ ಯಾರಾರೂ ಹಾಂಗ್ ಕರ್ದಿತ್ತಾ ಇಷ್ಟ್ ವರ್ಷ?”

ಅಪ್ಪಯ್ಯ ಬಿಳಿ ಅಂಗಿ ಬಿಚ್ಚಿ ಹಗ್ಗಕ್ಕೆ ಹಾಕುತ್ತಿದ್ದ. “ಹೌದ್. ನಂದೇ ತಪ್ಪ್. ಬಾಯ್ ತಪ್ಪಿ ಬಂತ್,” ಎಂದ.

ನಾನು ಬಾಗಿಲಲ್ಲಿ ನಿಂತಿದ್ದೆ. ಅಲ್ಲ, ನಾನೇ ಮೊದಲು ತಿರುಗಿದ್ದು ಎಂದು ಹೇಳಲು ಎಷ್ಟು ಮಾತು ಬೇಕು? ಆದರೆ ಮಾಸ್ಟ್ರು ಆಗಲೇ ಬೆನ್ನು ತಟ್ಟಿ, ತಂದೆ ಕೂಗದಿದ್ದರೆ ನೀನೇ ಗೆಲ್ಲುತ್ತಿದ್ದೆ ಎಂದಿದ್ದರು. ಶಾಲೆಯ ಮಕ್ಕಳೂ ಬಸ್ಸಿನಲ್ಲಿ ಅದನ್ನೇ ಹೇಳುತ್ತ ಬಂದಿದ್ದರು. ಹೆದರಿ ಸೋತವಳಿಗಿಂತ ತಂದೆ ಕೂಗಿ ಸೋತವಳಾಗುವುದು ಎಷ್ಟೋ ಹಿತವಾಗಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡೆ. ಅವನು ಪಾಪ, ಕೂಗಿದ್ದಕ್ಕೇ ನಾನು ತಿರುಗಿದ್ದು ಎಂದು ನಿಜವಾಗಿಯೂ ನಂಬಿದ್ದ. ಎರಡೂ ಒಂದೇ ಗಳಿಗೆಯಲ್ಲಿ ಆಗಿದ್ದವಲ್ಲ.

ಮುಂದಿನ ವರ್ಷ ಕೂಟ ಬಂದಾಗ ಬಿಳಿ ಅಂಗಿ ಟ್ರಂಕಿನಿಂದ ಹೊರಗೆ ಬರಲಿಲ್ಲ. “ನಾ ಬತ್ತಿಲ್ಲೆ ಮಗಾ,” ಎಂದ. “ಕಂಡ್ರೆ ನಂಗೆ ಸುಮ್ನೆ ನಿಂತ್ಕಂಬುಕ್ ಆತಿಲ್ಲ. ಬಾಯ್ ಬಿಡ್ತೆ. ನೀ ಹೋಯ್ ಗೆದ್ಕಂಡ್ ಬಾ.” ನಾನು ಹೋಗಿ ಗೆದ್ದೆ. ಅದರಿಂದ ಅವನ ನಂಬಿಕೆ ಕಲ್ಲಿನಷ್ಟು ಗಟ್ಟಿಯಾಯಿತು. ಜಿಲ್ಲೆಯಲ್ಲಿ ಗೆದ್ದೆ, ಆಮೇಲೆ ರಾಜ್ಯದಲ್ಲಿ. ಗೆದ್ದಷ್ಟೂ ಸತ್ಯ ಹೇಳುವುದು ಕಷ್ಟವಾಗುತ್ತ ಹೋಯಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅವನು ಕೇಳಿಬಿಟ್ಟರೆ?

ಕ್ರೀಡಾ ಹಾಸ್ಟೆಲಿಗೆ ಸೇರಿದ ಮೇಲೆ ಊರೇ ದೂರವಾಯಿತು. ಅಲ್ಲಿ ನನ್ನ ಮಾತು ಕೇಳಿ ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದರು. ‘ಬತ್ತೆ, ಹೋತೆ’ ಎಂದು ನನ್ನನ್ನು ಅಣಕಿಸುತ್ತಿದ್ದರು. ಒಂದೇ ತಿಂಗಳಲ್ಲಿ ನಾನು ಪುಸ್ತಕದ ಕನ್ನಡ ಕಲಿತೆ, ಆಮೇಲೆ ಮಾತನಾಡುವುದನ್ನೇ ಕಡಿಮೆ ಮಾಡಿದೆ. ಭಾನುವಾರ ಉಳಿದವರ ಮನೆಯಿಂದ ಯಾರಾದರೂ ಚಕ್ಕುಲಿ, ಉಪ್ಪಿನಕಾಯಿ ಹಿಡಿದುಕೊಂಡು ಬರುತ್ತಿದ್ದರು. ನನ್ನ ಮನೆಯವರಿಗೆ ಅಷ್ಟು ದೂರ ಬರುವುದು ಆಗದ ಮಾತು. ಒಮ್ಮೆ ಅಬ್ಬಿ ಒಣ ಸೀಗಡಿ ಚಟ್ನಿ ಕಳಿಸಿದ್ದಳು. ಅದರ ವಾಸನೆಗೆ ಕೋಣೆಯ ಹುಡುಗಿಯರು ಮೂಗು ಮುಚ್ಚಿಕೊಂಡರು. ನಾನು ಡಬ್ಬಿಯನ್ನು ಮೈದಾನಕ್ಕೆ ಹಿಡಿದುಕೊಂಡು ಹೋಗಿ, ಗ್ಯಾಲರಿಯ ತುದಿಯಲ್ಲಿ ಕುಳಿತು, ಅನ್ನವಿಲ್ಲದೆ ಬರೀ ಚಟ್ನಿ ತಿಂದೆ. ಯಾರಾದರೂ ಕೇಳಿದರೆ, ಖಾರಕ್ಕೆ ಕಣ್ಣಲ್ಲಿ ನೀರು ಬಂತು ಎನ್ನಬಹುದಿತ್ತು. ಯಾರೂ ಕೇಳಲಿಲ್ಲ.

ಅಪ್ಪಯ್ಯ ಪಕ್ಕದ ಅಂಗಡಿಯಿಂದ ಹದಿನೈದು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಊಟ ಆಯ್ತಾ, ಕಾಲು ಹೇಗಿದೆ, ಇಷ್ಟೇ. ಓಟದ ಹಿಂದಿನ ದಿನ ಮಾತ್ರ ಫೋನ್ ಬರುತ್ತಿರಲಿಲ್ಲ. ಹೊರಟವಳಿಗೆ ಹಿಂದಿನಿಂದ ಯಾವ ದನಿಯೂ ಕೇಳಬಾರದು, ತಂತಿಯ ಮೇಲಾದರೂ ಸರಿ, ಎಂಬ ಲೆಕ್ಕ ಅವನದು. ಉಳಿದ ಹುಡುಗಿಯರು ಹಾಸ್ಟೆಲಿನ ಫೋನಿಗೆ ಸಾಲು ನಿಂತು ಮನೆಯವರಿಂದ ಹಾರೈಕೆ ಪಡೆಯುವಾಗ ನಾನು ಮೊಳೆ ಬೂಟಿನ ಮಣ್ಣು ಕೆರೆಯುತ್ತ ಕೂರುತ್ತಿದ್ದೆ.

ರಾಷ್ಟ್ರಮಟ್ಟದಲ್ಲಿ ಮೊದಲ ಬಾರಿ ಚಿನ್ನ ಗೆದ್ದ ದಿನದ ಬಗ್ಗೆ ಜನ ಕೇಳುತ್ತಾರೆ. ಹೇಗನ್ನಿಸಿತು ಎನ್ನುತ್ತಾರೆ. ಎಂಟುನೂರು ಮೀಟರಿನಲ್ಲಿ ಕೊನೆಯ ಇನ್ನೂರು ಮೀಟರು ನೀವು ಮುಂದಿದ್ದರೆ ನಿಮ್ಮ ಕಣ್ಣೆದುರು ಯಾರೂ ಇರುವುದಿಲ್ಲ. ಇರುವವರೆಲ್ಲ ಹಿಂದೆ. ನೋಡಲೇಬೇಕು ಅನ್ನಿಸುತ್ತದೆ, ನೋಡಬಾರದು. ಗೆಲ್ಲುವುದೆಂದರೆ ಅಷ್ಟು ಹೊತ್ತು ಒಬ್ಬಳೇ ಇರುವುದನ್ನು ಸಹಿಸುವುದು. ನಾನು ಸಹಿಸಿದೆ. ಟೇಪು ಎದೆಗೆ ತಾಗಿದಾಗ ಕೂಡಲೇ ಗ್ಯಾಲರಿಯ ಕಡೆ ನೋಡಿದೆ. ಬರುವುದಿಲ್ಲ ಎಂದು ಗೊತ್ತಿದ್ದೂ ಬಿಳಿ ಅಂಗಿ ಹುಡುಕಿದೆ. ಬಿಳಿ ಅಂಗಿಯವರು ಬೇಕಾದಷ್ಟಿದ್ದರು. ಎರಡನೆಯವಳಾಗಿ ಬಂದ ಹುಡುಗಿಯನ್ನು ಅವಳ ಅಪ್ಪ ಎತ್ತಿಕೊಂಡು ಸುತ್ತಿಸಿದರು. ನನಗೆ ಚಿನ್ನ ಅವಳ ಕೊರಳಿಗೆ ಹಾಕಿ ಬಿಡಬೇಕು ಅನ್ನುವಷ್ಟು ಹೊಟ್ಟೆಕಿಚ್ಚಾಯಿತು.

ಪತ್ರಿಕೆಯಲ್ಲಿ ಚಿತ್ರ ಬಂತು. ನಾನು ಟೇಪಿಗೆ ಎದೆ ಕೊಟ್ಟು ಎದುರಿನಿಂದ ಓಡಿ ಬರುತ್ತಿರುವ ಚಿತ್ರ. ಅಪ್ಪಯ್ಯ ಅದನ್ನು ಬಲೆ ಹೊಲಿಯುವ ದಾರದ ಪೆಟ್ಟಿಗೆಯಲ್ಲಿ ಮಡಿಸಿಟ್ಟುಕೊಂಡ. ಬಂದವರಿಗೆಲ್ಲ ಬಿಚ್ಚಿ ತೋರಿಸುತ್ತಿದ್ದನಂತೆ. “ಕಾಣ್, ಎದ್ರಿಂದ ಹ್ಯಾಂಗ್ ಬತ್ತಾ ಇತ್ತ್ ಹೆಣ್ಣ್!”

ಆಮೇಲೆ ಮಾಡಿದ್ದು ನನ್ನ ದೊಡ್ಡ ತಪ್ಪು. ಒಬ್ಬ ವರದಿಗಾರ ಸಂದರ್ಶನಕ್ಕೆ ಬಂದು, ನಿಮ್ಮ ತಂದೆ ಒಂದು ಓಟಕ್ಕೂ ಬರುವುದಿಲ್ಲವಂತಲ್ಲ, ಯಾಕೆ ಎಂದು ಕೇಳಿದ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ನಾನು ಕುಂದಾಪುರದ ಓಟದ ಕತೆಯನ್ನು ಚೆಂದ ಮಾಡಿ ಹೇಳಿದೆ: ಅಪ್ಪ ಕೂಗಿದರು, ನಾನು ತಿರುಗಿದೆ, ಸೋತೆ, ಅಂದಿನಿಂದ ಮಗಳಿಗಾಗಿ ಅಪ್ಪ ಮೈದಾನಕ್ಕೆ ಕಾಲಿಡಲಿಲ್ಲ. ವರದಿಗಾರನ ಕಣ್ಣು ಒದ್ದೆಯಾಯಿತು. ದೊಡ್ಡ ಅಕ್ಷರದಲ್ಲಿ ಅಚ್ಚಾಯಿತು. ಅಬ್ಬಿ ಬುಟ್ಟಿ ಹೊತ್ತು ಮೀನು ಮಾರಲು ಹೋಗುತ್ತಿದ್ದ ಯಡ್ತರೆಯ ಮನೆಗಳ ಹೆಂಗಸರು ಅದನ್ನು ಅವಳಿಗೆ ಓದಿ ಹೇಳಿದರು. ಅವಳು ಖಾಲಿ ಬುಟ್ಟಿಯಲ್ಲಿ ಪತ್ರಿಕೆ ಇಟ್ಟುಕೊಂಡು ಮನೆಗೆ ಬಂದಳು. ಎಲ್ಲರೂ ಅಪ್ಪಯ್ಯನನ್ನು ಹೊಗಳಿದರು. ಎಂಥ ತ್ಯಾಗ ಎಂದರು. ಅವನು ಆ ಪತ್ರಿಕೆಯನ್ನು ಮಾತ್ರ ಪೆಟ್ಟಿಗೆಗೆ ಹಾಕಲಿಲ್ಲ ಎಂದು ಅಬ್ಬಿ ಹೇಳಿದಳು. ತಪ್ಪು ಮಾಡಿದವನು ಎಂದು ಅವನ ಹೆಸರನ್ನು ನಾನು ಊರಿಗೆಲ್ಲ ಸಾರಿದ್ದೆ. ಹೊಗಳಿಕೆಯ ಹೊದಿಕೆ ಹೊದಿಸಿದ್ದರಿಂದ ಅದು ಉಳಿದವರಿಗೆ ಕಾಣಲಿಲ್ಲ ಅಷ್ಟೆ.

ಇನ್ನೂ ಕೆಲವು ವರ್ಷ ಓಡಿದೆ. ಗೆದ್ದೆ, ಕೆಲವು ಸೋತೆ. ಹೊರದೇಶಕ್ಕೂ ಹೋಗಿ ಬಂದೆ. ಆಮೇಲೆ ಹಿಮ್ಮಡಿಯ ಮೇಲಿನ ನರ ಕೈಕೊಟ್ಟಿತು. ಎಷ್ಟು ಪಟ್ಟಿ ಕಟ್ಟಿದರೂ ಮೊದಲಿನ ಕಾಲು ಮರಳಲಿಲ್ಲ. ಬ್ರಹ್ಮಾವರದ ಹತ್ತಿರದ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾದೆ. ಈಗ ದಿನವೂ ಬಸ್ಸಿನಲ್ಲಿ ಕಿರಿಮಂಜೇಶ್ವರದಿಂದ ಹೋಗಿ ಬರುತ್ತೇನೆ. ಮದುವೆ ಯಾಕಾಗಲಿಲ್ಲ ಎಂದು ಬಸ್ಸಿನಲ್ಲಿ ಕೇಳುವವರಿಗೆ, ನೋಡಲು ಬಂದವರು ಯಾರೂ ನನ್ನ ಜೊತೆ ಓಡಲಾರದೆ ಹೋದರು ಎನ್ನುತ್ತೇನೆ. ಅವರು ನಗುತ್ತಾರೆ. ನಾನು ಕಿಟಕಿಯ ಆಚೆ ನೋಡುತ್ತೇನೆ. ತ್ರಾಸಿಯ ಮರಳು ಬರುತ್ತದೆ, ಹೋಗುತ್ತದೆ. ಹೆದ್ದಾರಿ ಅಗಲವಾದ ಮೇಲೆ ಅದು ಕಣ್ಣಿಗೆ ಬೀಳುವುದೂ ಸ್ವಲ್ಪ ಹೊತ್ತೇ.

ಮನೆಯಲ್ಲಿ ಮೂವರೇ. ಅಬ್ಬಿ ಬುಟ್ಟಿ ಹೊರುವುದನ್ನು ಬಿಟ್ಟಿದ್ದಾಳೆ. ಅಪ್ಪಯ್ಯ ಮಂಡಿ ನೋವಿನಿಂದ ದೋಣಿ ಬಿಟ್ಟು, ಜಗಲಿಯಲ್ಲಿ ಕುಳಿತು ಬೇರೆಯವರ ಬಲೆ ಹೊಲಿದುಕೊಡುತ್ತಾನೆ. ದಿನವೂ ಅವನ ಎದುರು ಕುಳಿತು ಚಾ ಕುಡಿಯುತ್ತೇನೆ. ಎಷ್ಟೋ ಸಲ ಬಾಯಿ ತೆರೆದು, ಚಾಕ್ಕೆ ಸಕ್ಕರೆ ಕಡಿಮೆಯಾಯಿತು ಎಂದು ಹೇಳಿ ಎದ್ದಿದ್ದೇನೆ.

ಕಳೆದ ಚಳಿಗಾಲದಲ್ಲಿ ನಲವತ್ತು ದಾಟಿದವರಿಗೊಂದು ಕ್ರೀಡಾಕೂಟ ನಡೆಯಿತು, ಅದೇ ಕುಂದಾಪುರದ ಮೈದಾನದಲ್ಲಿ. ಶಾಲೆಯ ಮಕ್ಕಳ ಒತ್ತಾಯಕ್ಕೆ ಹೆಸರು ಕೊಟ್ಟೆ. ನನ್ನ ಹಿಮ್ಮಡಿ ನೋಡುತ್ತಿದ್ದ ಡಾಕ್ಟರು ಇದೊಂದೇ, ಮತ್ತೆ ಬೇಡ ಎಂದು ಬೈದು ಒಪ್ಪಿದರು. ಹಿಂದಿನ ದಿನ ಸಂಜೆ ಅಪ್ಪಯ್ಯನಿಗೆ ಹೇಳಿದೆ. “ಅಪ್ಪಯ್ಯ, ನಾಳೆ ನಂದ್ ಕಡೇ ಓಟ. ಬಾ.”

ಅವನು ಸೂಜಿಯಿಂದ ಕಣ್ಣೆತ್ತಲಿಲ್ಲ. ಅಬ್ಬಿ ಒಳಗಿನಿಂದ, “ಈಗಾರೂ ಹೋಯ್ನಿ. ಇನ್ನ್ ಹೆಣ್ಣ್ ಗೆಲ್ದಿದ್ರೆ ಎಂತ ಆತ್?” ಎಂದಳು.

“ನಾಳೆ ಕಾಂಬ,” ಎಂದ ಅಪ್ಪಯ್ಯ.

ಬೆಳಿಗ್ಗೆ ನಾನೊಬ್ಬಳೇ ಹೊರಟೆ. ಅಂಗಳ ದಾಟುವಾಗ ನೀರಿನ ಬಾಟಲಿ ಜಗಲಿಯಲ್ಲೇ ಬಿಟ್ಟದ್ದು ನೆನಪಾಯಿತು, ತಿರುಗಲಿಲ್ಲ. ಯಾರೂ ಕರೆಯಲೂ ಇಲ್ಲ.

ಓಟಕ್ಕೆ ಐದು ಜನ ಹೆಂಗಸರು. ಅದೇ ಹುಲ್ಲು, ಅದೇ ಸುಣ್ಣದ ಗೆರೆ, ನಾಲ್ಕು ಸುತ್ತು. ಸೀಟಿ ಊದಿದರು. ಮೊದಲ ಸುತ್ತಿನ ಕೊನೆಯ ತಿರುವಿನಲ್ಲಿ ಅವನು ಕಾಣಿಸಿದ. ಬಿಳಿ ಅಂಗಿ, ಅದೇ ಜಾಗ. ಹಗ್ಗವಿದ್ದ ಕಡೆ ಈಗ ಬೇಲಿ. ಅದರ ಆಚೆ, ಬೇಲಿಗೆ ಬೆನ್ನು ಕೊಟ್ಟು ನಿಂತಿದ್ದ. ಮುಖ ರಸ್ತೆಯ ಕಡೆ. ಯಾರನ್ನೋ ಮಾತನಾಡಿಸುತ್ತಿರಬೇಕು, ಈಗ ತಿರುಗುತ್ತಾನೆ ಅಂದುಕೊಂಡೆ. ಎರಡನೇ ಸುತ್ತಿನಲ್ಲೂ ಅದೇ ಬೆನ್ನು. ಹತ್ತಿರ ಯಾರೂ ಇರಲಿಲ್ಲ. ಎರಡೂ ಕೈಯಿಂದ ಬೈರಾಸನ್ನು ಬಾಯಿಗೆ ಒತ್ತಿ ಹಿಡಿದು, ಹೋಗುವ ಬರುವ ಬಸ್ಸುಗಳನ್ನು ನೋಡುತ್ತಿದ್ದ.

ಮೂರನೇ ಸುತ್ತಿನಲ್ಲಿ ನನಗೆ ಕೂಗಬೇಕು ಅನ್ನಿಸಿತು. ಅಪ್ಪಯ್ಯ, ಇತ್ತ ನೋಡು, ನಾನು ಓಡುತ್ತಿದ್ದೇನೆ. ಆದರೆ ಬೆನ್ನು ಕಂಡರೆ ಬಾಯಿ ಮುಚ್ಚುವುದು ನನಗೆ ಹುಟ್ಟಿನಿಂದ ಬಂದ ಅಭ್ಯಾಸ. ಕೊನೆಯ ಸುತ್ತಿನಲ್ಲಿ ನನ್ನ ಹಿಂದೆ ಹೆಜ್ಜೆ ಸದ್ದು ಕೂಡ ಇರಲಿಲ್ಲ, ಎಷ್ಟು ಸಲ ಬೇಕಾದರೂ ತಿರುಗಿ ನೋಡಬಹುದಿತ್ತು. ಗೆದ್ದೆ. ನನ್ನ ಶಾಲೆಯ ಮಕ್ಕಳು ಚಪ್ಪಾಳೆ ತಟ್ಟಿ ಕುಣಿದರು. ಆ ಗಲಾಟೆಗೂ ಅವನು ತಿರುಗಲಿಲ್ಲ.

ಯಾರೋ ಕೊಟ್ಟ ನೀರನ್ನೂ ಕುಡಿಯದೆ ನಾನು ಮೈದಾನದ ಗೇಟಿನ ಕಡೆ ನಡೆದೆ. ಹೊರಗೆ ಬಂದು, ಬೇಲಿಯ ಸುತ್ತು ಹಾಕಿ, ರಸ್ತೆಯ ಬದಿಯಿಂದ ಅವನಿಗೆ ಎದುರಾಗಿ ಬಂದು ನಿಂತೆ. ಹಿಮ್ಮಡಿ ಉರಿಯುತ್ತಿತ್ತು. ಅವನು ಬೈರಾಸು ಇಳಿಸಿದ. ಮುಖ ಬೆವರಿತ್ತು.

“ಎಂತ, ಇಲ್ಲೇ ಇದ್ದಿದ್ಯಾ?” ಎಂದ.

ಅಷ್ಟು ವರ್ಷಗಳ ಮೇಲೆ ಅದೇ ಮಾತು. ನಾನು ನೋವಿದ್ದ ಕಾಲಿನ ಭಾರವನ್ನು ಇನ್ನೊಂದಕ್ಕೆ ಹಾಕಿ ನಿಂತೆ.

“ಗೆದ್ಯಾ?”

“ಹೂಂ.”

“ನಾ ಬಾಯ್ ಬಿಡ್ಲೇ ಇಲ್ಲ ಕಾಣ್,” ಎಂದ. ಅವನ ಮುಖದಲ್ಲಿ ಹೆಮ್ಮೆ ಇತ್ತು. “ನಾಲ್ಕ್ ಸುತ್ತೂ ಇತ್ಲಾಗೇ ಕಂಡ್ಕಂಡ್ ನಿಂತಿದ್ದೆ.”

ಅಲ್ಲಿ, ಬಸ್ಸುಗಳ ಹಾರ್ನಿನ ನಡುವೆ, ನಾನು ಹೇಳಿದೆ. “ಅಪ್ಪಯ್ಯ, ಅವತ್ತ್ ನೀ ಕರ್ದದ್ದಕ್ಕೆ ನಾ ತಿರ್ಗಿದ್ದಲ್ಲ. ಆ ಹುಡ್ಗಿ ಹತ್ರ ಬಂದ್ಳ್ ಹೇಳಿ ಹೆದ್ರಿ ನಾನೇ ಮೊದ್ಲ್ ತಿರ್ಗಿದ್ದ್. ನಾ ತಿರ್ಗಿದ್ ಕಂಡ್ ನೀ ಕರ್ದದ್. ನಂಗ್ ಅವತ್ತೇ ಗೊತ್ತಿತ್ತ್. ಹೇಳ್ಲಿಲ್ಲ.”

ಅವನು ಬೈಯಬಹುದು ಎಂದು ಕಾದೆ. ಬೈದರೆ ಒಳ್ಳೆಯದು ಎಂದೂ ಅನ್ನಿಸಿತು. ಅವನು ಬೈರಾಸನ್ನು ನಿಧಾನಕ್ಕೆ ಮಡಿಸಿ ಹೆಗಲ ಮೇಲೆ ಹಾಕಿಕೊಂಡ. ಮಡಿಕೆ ಸರಿಯಾಗಲಿಲ್ಲ, ಮತ್ತೆ ತೆಗೆದು ಮಡಿಸಿದ.

“ಹಂಗಾರೆ ನಾ ಎಲ್ಲದಕ್ಕೂ ಬಪ್ಪುಕಾತಿತ್ತ್,” ಎಂದ. ಸಿಟ್ಟಿರಲಿಲ್ಲ ದನಿಯಲ್ಲಿ. ತಾನು ಬರಬಹುದಾಗಿದ್ದ ಓಟಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳುವವನ ಹಾಗೆ ಬೆರಳು ಮಡಿಸತೊಡಗಿದ.

ಆಮೇಲೆ ಬೇಲಿಯ ಕಡೆ ತಿರುಗಿ, ಎರಡೂ ಕೈಯಿಂದ ಅದನ್ನು ಹಿಡಿದುಕೊಂಡು ಮೈದಾನವನ್ನು ನೋಡಿದ. ಅಲ್ಲಿ ಗುಂಡು ಎಸೆತಕ್ಕೆ ಜಾಗ ಮಾಡುತ್ತಿದ್ದರು.

“ಇನ್ನೊಂದ್ ಓಟ ಇತ್ತಾ ನಿಂದ್?” ಎಂದು ಕೇಳಿದ.

“ಇಲ್ಲ ಅಪ್ಪಯ್ಯ,” ಎಂದೆ.